ಒದ್ದೆಯಾದ ಹಾಸಿಗೆಯೂ ಬೆನ್ನುಮೂಳೆಯ ಚಿಕಿತ್ಸೆಯೂ

(ಜಾದವ್‌ಪುರದಲ್ಲಿ ನಮ್ಮ ಸಂಘದ ಭಾನುವಾರದ ಕೂಟದಲ್ಲಿ ಆರೋಗ್ಯ ಸಮಿತಿಯ ಪರವಾಗಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ಕೆಲವರಿಗೆ ನಗು ಬಂದೀತು. ಸಂಬಳ, ಬೋನಸು, ಮನೆ ಬಾಡಿಗೆಗಳ ಮಾತು ನಡೆಯತಕ್ಕ ಈ ವೇದಿಕೆಯ ಮೇಲೆ, ಮಕ್ಕಳು ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವ ಮಾತು ಏತಕ್ಕೆ ಎಂದು ಕೇಳಬಹುದು. ಆದರೆ ಈಚೆಗೆ ಮೂರು ನಾಲ್ಕು ಮನೆಗಳವರು ನಮ್ಮನ್ನು ಪ್ರತ್ಯೇಕವಾಗಿ ಕರೆದು, ಬಾಗಿಲು ಮುಚ್ಚಿಕೊಂಡು, ಒಂದೇ ಪ್ರಶ್ನೆ ಕೇಳಿದ್ದಾರೆ. ‘ಬೆನ್ನುಮೂಳೆಯನ್ನು ಲಟಕ್ಕೆನ್ನಿಸಿ ಸರಿಮಾಡುವ ಕೈರೋಪ್ರಾಕ್ಟಿಕ್ ಎಂಬ ಚಿಕಿತ್ಸೆ ಇದೆಯಂತೆ, ಅದರಿಂದ ಹಾಸಿಗೆ ಒದ್ದೆಮಾಡುವುದು ನಿಲ್ಲುತ್ತದಂತೆ, ಮಗುವನ್ನು ಕರೆದುಕೊಂಡು ಹೋಗಬಹುದೆ?’ ಬೇರೆ ಬೇರೆ ಮನೆಗಳಲ್ಲಿ ಒಂದೇ ಪ್ರಶ್ನೆಯನ್ನು ಗುಟ್ಟಾಗಿ ಕೇಳುವಾಗ ಅದಕ್ಕೆ ಬಹಿರಂಗವಾಗಿ ಉತ್ತರ ಹೇಳುವುದೇ ಮೇಲೆಂದು ಸಮಿತಿಗೆ ತೋರಿತು. ನಾವು ವೈದ್ಯರಲ್ಲ. ಓದಬಲ್ಲದ್ದನ್ನು ಓದಿ, ತಿಳಿದವರನ್ನು ಕೇಳಿ, ತಿಳಿದುಬಂದುದನ್ನು ಇಲ್ಲಿ ಅರಿಕೆ ಮಾಡುತ್ತಿದ್ದೇವೆ.

ಮೊದಲು ಈ ತೊಂದರೆ ಎಷ್ಟು ಸಾಧಾರಣವಾದುದೆಂಬುದನ್ನು ನೋಡಿ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಆಗಾಗ ಹಾಸಿಗೆ ಒದ್ದೆ ಮಾಡುತ್ತಾರೆ. ಹತ್ತು ವರ್ಷದವರಲ್ಲಿ ನೂರಕ್ಕೆ ಸುಮಾರು 5. ಹದಿನೈದು ದಾಟಿದವರಲ್ಲಿ ಒಂದೆರಡು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಎಂದರೆ, ಐದನೆಯ ತರಗತಿಯ ಕೋಣೆಯೊಂದರಲ್ಲಿ ನಲವತ್ತು ಮಕ್ಕಳಿದ್ದರೆ ಅವರಲ್ಲಿ ಇಬ್ಬರಿಗಾದರೂ ಈ ಕಷ್ಟವಿದ್ದೀತು. ಆ ಇಬ್ಬರೂ ಲೋಕದಲ್ಲಿ ತಾನೊಬ್ಬನೇ ಹೀಗೆ ಎಂದುಕೊಂಡು ಬೆಂಚಿನ ಮೇಲೆ ಮುದುರಿ ಕುಳಿತಿರುತ್ತಾರೆ. ಇದು ಹೊಸ ಕಾಲದ ಕಾಯಿಲೆಯೂ ಅಲ್ಲ. ನಮ್ಮ ಆಯುರ್ವೇದದ ಶಾರ್ಙ್ಗಧರ ಸಂಹಿತೆಯಲ್ಲಿ ಬಾಲರೋಗಗಳನ್ನು ಎಣಿಸುವಾಗ ಶಯ್ಯಾಮೂತ್ರವೆಂಬ ಹೆಸರು ಬರುತ್ತದೆ.

ಕಾರಣವೇನು? ಸೋಮಾರಿತನವಲ್ಲ, ಹಠವಲ್ಲ. ರಾತ್ರಿಯ ಹೊತ್ತು ಮೂತ್ರ ಕಡಿಮೆಯಾಗುವಂತೆ ಮಾಡುವ ಒಂದು ಹಾರ್ಮೋನು ನಮ್ಮ ಮಿದುಳಿನಿಂದ ಬರುತ್ತದೆ. ಕೆಲವು ಮಕ್ಕಳಲ್ಲಿ ಅದು ರಾತ್ರಿ ಸಾಕಷ್ಟು ಬರುವುದಿಲ್ಲ. ಕೆಲವರಲ್ಲಿ ಮೂತ್ರಕೋಶ ಸ್ವಲ್ಪ ತುಂಬಿದೊಡನೆಯೇ ಹಿಂಡಿಕೊಳ್ಳುತ್ತದೆ. ಇವೆರಡರ ಜೊತೆಗೆ ಮೂರನೆಯದು, ಮೂತ್ರಕೋಶ ತುಂಬಿತೆಂಬ ಸುದ್ದಿ ಹೋದರೂ ಮಗುವಿಗೆ ಎಚ್ಚರವಾಗುವುದಿಲ್ಲ. ವಂಶದಿಂದಲೂ ಬರುತ್ತದೆ. ತಂದೆತಾಯಿಯರಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ 40ರ ಮೇಲೆ, ಇಬ್ಬರಿಗೂ ಇದ್ದರೆ 70ರ ಮೇಲೆ. 1995ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇಂಥ ಕೆಲವು ಮನೆತನಗಳನ್ನು ಪರೀಕ್ಷಿಸಿ, 13ನೆಯ ವರ್ಣತಂತುವಿನಲ್ಲಿ ಇದರ ಗುರುತನ್ನು ಕಂಡರು. ಮಗನನ್ನು ಗದರುವ ತಂದೆ ಊರಿನಲ್ಲಿರುವ ತನ್ನ ತಾಯಿಗೆ ಒಂದು ಸಲ ಫೋನು ಮಾಡಿ, ‘ಅವ್ವಾ, ನಾನು ಎಷ್ಟು ವಯಸ್ಸಿನವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದೆ?’ ಎಂದು ಕೇಳಿದರೆ ಅನೇಕ ಮನೆಗಳಲ್ಲಿ ಗದರಿಕೆ ಅಲ್ಲಿಗೆ ನಿಂತೀತು.

ಇನ್ನು ಕೈರೋಪ್ರಾಕ್ಟಿಕ್. ಹೆಸರು ಗ್ರೀಕ್ ಮಾತಿನಿಂದ ಹುಟ್ಟಿದ್ದು, ‘ಕೈಯಿಂದ ಮಾಡುವ ಕೆಲಸ’ ಎಂದು ಅರ್ಥ. ನಮ್ಮ ‘ಕೈ’ಗೂ ಅದಕ್ಕೂ ನಂಟಿಲ್ಲದಿದ್ದರೂ ನೆನಪಿಡಲು ಸುಲಭ. 1895ನೆಯ ಇಸವಿಯಲ್ಲಿ ಅಮೆರಿಕದ ಐಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಎಂಬ ಊರಿನಲ್ಲಿ ಡಿ. ಡಿ. ಪಾಮರ್ ಎಂಬಾತ ಇದನ್ನು ಆರಂಭಿಸಿದ. ಆತ ಹಿಂದೆ ದಿನಸಿ ವ್ಯಾಪಾರ ಮಾಡಿದವನು, ಅನಂತರ ಅಯಸ್ಕಾಂತ ಚಿಕಿತ್ಸಕನೆಂದು ಹೆಸರು ಹಾಕಿಕೊಂಡವನು. ಅವನ ಮೊದಲ ರೋಗಿ ನಮ್ಮಂತೆಯೇ ಒಬ್ಬ ಕಾರ್ಮಿಕ. ಅದೇ ಕಟ್ಟಡವನ್ನು ಗುಡಿಸಿ ಒರಸುತ್ತಿದ್ದ ಹಾರ್ವಿ ಲಿಲ್ಲರ್ಡ್ ಎಂಬ ಕಿವುಡ. ಅವನ ಬೆನ್ನಿನ ಮೂಳೆಯೊಂದನ್ನು ಒತ್ತಿ ಸರಿಮಾಡಿದ ಮೇಲೆ ಕಿವಿ ಕೇಳಿಸಿತೆಂದು ಪಾಮರ್ ಸಾರಿದ. ಶರೀರಶಾಸ್ತ್ರ ಬಲ್ಲವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಕಿವಿಯಿಂದ ಮಿದುಳಿಗೆ ಹೋಗುವ ನರ ಬೆನ್ನುಮೂಳೆಯ ದಾರಿಯಲ್ಲಿ ಬರುವುದೇ ಇಲ್ಲ, ತಲೆಬುರುಡೆಯೊಳಗೇ ಇದೆ. ಹೇಗಾದರಾಗಲಿ, ಬೆನ್ನಿನ ಮೂಳೆಗಳು ತಮ್ಮ ಸ್ಥಾನದಿಂದ ಸ್ವಲ್ಪ ಜರುಗಿ ನರಗಳನ್ನು ಅಡ್ಡಿಪಡಿಸುವುದೇ ರೋಗಗಳಿಗೆಲ್ಲ ಮೂಲ ಎಂಬ ಸಿದ್ಧಾಂತ ಅಲ್ಲಿಂದ ಬೆಳೆಯಿತು.

ಹಾಸಿಗೆ ಒದ್ದೆಮಾಡುವ ಮಗುವಿಗೂ ಇದೇ ಸಿದ್ಧಾಂತವನ್ನು ಹೊಂದಿಸುತ್ತಾರೆ. ಮೂತ್ರಕೋಶದ ನರಗಳು ಸೊಂಟದ ಕೆಳಗಿನ ತ್ರಿಕಾಸ್ಥಿಯ ಬಳಿಯಿಂದ ಹೊರಡುತ್ತವೆ. ಇದು ನಿಜ. ಅಲ್ಲಿ ಮೂಳೆ ಜರುಗಿರುವುದರಿಂದ ನರ ನಲುಗಿದೆ, ಒತ್ತಿ ಕೂಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಇದಕ್ಕೆ ಆಧಾರ ಸಿಕ್ಕಿಲ್ಲ. ಬ್ರಿಟನ್ನಿನಲ್ಲಿ ಈ ವೃತ್ತಿಯವರನ್ನೇ ನೋಂದಾಯಿಸುವ ಮಂಡಲಿ 2010ರಲ್ಲಿ, ಹೀಗೆ ಮೂಳೆ ಜರುಗುವುದರಿಂದ ರೋಗ ಬರುತ್ತದೆಂಬುದಕ್ಕೆ ವೈದ್ಯಕೀಯ ಸಂಶೋಧನೆಯ ಆಧಾರವಿಲ್ಲವೆಂದು ಬರೆದು ಹೇಳಿತು.

ನಮ್ಮವರಿಗೆ ಈ ಚಿಕಿತ್ಸೆಯ ಮೇಲೆ ನಂಬಿಕೆ ಬೇಗ ಬರುವುದು ಆಶ್ಚರ್ಯವೇನಲ್ಲ. ಊರಿನಲ್ಲಿ ಉಳುಕು ತೆಗೆಯುವವರನ್ನು ಕಂಡಿದ್ದೇವೆ. ಮೂಳೆ ಮುರಿದರೆ ಪುತ್ತೂರು ಕಟ್ಟಿಗೆ ಓಡಿದವರು ನಮ್ಮಲ್ಲಿ ಎಷ್ಟೋ ಮಂದಿ. ಈ ಕಲ್ಕತ್ತೆಯ ಸೆಲೂನುಗಳಲ್ಲಿ ಕ್ಷೌರದ ಕೊನೆಗೆ ತಲೆ ತಿಕ್ಕಿ ಕುತ್ತಿಗೆಯ ನೆಟಿಗೆ ಮುರಿಸಿಕೊಂಡು ‘ಹಾ’ ಎನ್ನುವ ಸುಖವೂ ಗೊತ್ತು. ಶಬ್ದ ಕೇಳಿದೊಡನೆ ಏನೋ ಕೂಡಿಕೊಂಡಿತೆಂದು ಮನಸ್ಸಿಗೆ ತೋರುತ್ತದೆ. ಅದು ಕೀಲಿನೊಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಏಳುವ ಶಬ್ದವೇ ಹೊರತು ಮೂಳೆ ಗೂಡಿಗೆ ಬಂದ ಶಬ್ದವಲ್ಲ. ಈಗಂತೂ ಮೊಬೈಲಿನಲ್ಲಿ ಅಂಥ ಚಿತ್ರಗಳು ಹಗಲೂ ರಾತ್ರಿ ಓಡುತ್ತವೆ. ದೊಡ್ಡವರ ಸೊಂಟನೋವಿಗೆ ಈ ಚಿಕಿತ್ಸೆ ಇತರ ಚಿಕಿತ್ಸೆಗಳಷ್ಟೇ, ಮಟ್ಟಸವಾದ ಗುಣ ಕೊಡುತ್ತದೆಂದು ಪರೀಕ್ಷೆಗಳು ಹೇಳುತ್ತವೆ. ಆ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೋಯುವ ಸೊಂಟ ಬೇರೆ, ಮಲಗಿದ ಮಗುವಿನ ಮೂತ್ರಕೋಶ ಬೇರೆ.

ಪರೀಕ್ಷೆ ಮಾಡಿಯೇ ಇಲ್ಲವೆ ಎಂದು ಕೇಳುವವರಿಗೆ, ಮಾಡಿದ್ದಾರೆ. 1994ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಪ್ರಸಿದ್ಧವಾಗಿದೆ. ಕೈರೋಪ್ರಾಕ್ಟಿಕ್ ಪರವಾಗಿ ಮಾತನಾಡುವವರು ಅದನ್ನೇ ಎತ್ತಿ ತೋರಿಸುತ್ತಾರೆ. 46 ಮಕ್ಕಳು. 31 ಮಂದಿಗೆ ನಿಜವಾದ ಚಿಕಿತ್ಸೆ, 15 ಮಂದಿಗೆ ಸೋಗಿನ ಚಿಕಿತ್ಸೆ. ಹತ್ತು ವಾರ ನಡೆಯಿತು. ಚಿಕಿತ್ಸೆ ಪಡೆದವರು ಮೊದಲು ಎರಡು ವಾರದಲ್ಲಿ ಸರಾಸರಿ 9.1 ರಾತ್ರಿ ಒದ್ದೆ ಮಾಡುತ್ತಿದ್ದರು, ಕೊನೆಗೆ ಅದು 7.6ಕ್ಕೆ ಇಳಿಯಿತು. ಸೋಗಿನವರಲ್ಲಿ 12.1 ಇದ್ದದ್ದು 12.2 ಆಯಿತು, ಎಂದರೆ ಇದ್ದಂತೆಯೇ ಉಳಿಯಿತು. ಚಿಕಿತ್ಸೆ ಪಡೆದ ನಾಲ್ವರಲ್ಲಿ ಒಬ್ಬರಿಗೆ ಒದ್ದೆಯಾಗುವ ರಾತ್ರಿಗಳು ಅರ್ಧಕ್ಕೆ ಇಳಿದವು.

ಕಾರ್ಖಾನೆಯ ಲೆಕ್ಕ ನೋಡಿ ಬಲ್ಲ ತಾವು ಈ ಲೆಕ್ಕವನ್ನೂ ನೋಡಬೇಕು. ಹತ್ತು ವಾರ ಬೆನ್ನು ಒತ್ತಿಸಿಕೊಂಡು ಬಂದುದರ ಫಲ, ಹದಿನಾಲ್ಕು ರಾತ್ರಿಗಳಲ್ಲಿ ಒಂದೂವರೆ ರಾತ್ರಿಯ ಉಳಿತಾಯ. ಇನ್ನೂ ಏಳೂವರೆ ರಾತ್ರಿ ಹಾಸಿಗೆ ಒದ್ದೆಯೇ. ಅಲ್ಲದೆ ಎರಡು ಗುಂಪುಗಳೂ ಆರಂಭದಲ್ಲೇ ಸಮವಾಗಿರಲಿಲ್ಲ. ಸೋಗಿನ ಗುಂಪಿನವರ ತೊಂದರೆ ಮೊದಲಿನಿಂದಲೂ ಹೆಚ್ಚು ಬಲವಾಗಿತ್ತು. ಭಾರವಾದ ಗಾಡಿಯನ್ನೂ ಹಗುರವಾದ ಗಾಡಿಯನ್ನೂ ಪಂದ್ಯಕ್ಕೆ ಬಿಟ್ಟು ಎತ್ತಿನ ಬಲವನ್ನು ಅಳೆದ ಹಾಗೆ. ಇಂಥ ಸಣ್ಣ ಪರೀಕ್ಷೆಗಳನ್ನೆಲ್ಲ ಕೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪರಿಶೀಲಕರು 2005ರಲ್ಲಿ, ಆಧಾರ ದುರ್ಬಲವಾದುದೆಂದು ತೀರ್ಮಾನಿಸಿದರು. 2016ರಲ್ಲಿ ಆಸ್ಟ್ರೇಲಿಯದ ಕೈರೋಪ್ರಾಕ್ಟಿಕ್ ಮಂಡಲಿಯು ತನ್ನ ವೃತ್ತಿಯವರಿಗೇ ಎಚ್ಚರಿಕೆ ಕೊಟ್ಟು, ಹಾಸಿಗೆ ಒದ್ದೆಮಾಡುವುದೇ ಮೊದಲಾದ ಮಕ್ಕಳ ತೊಂದರೆಗಳನ್ನು ಗುಣಪಡಿಸುತ್ತೇವೆಂದು ಜಾಹಿರಾತು ಮಾಡಲು ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿತು. ನಮ್ಮ ದೇಶದಲ್ಲಿ ಆಯುಷ್ ಎಂಬ ಹೆಸರಿನಲ್ಲಿ ಸರ್ಕಾರ ಮನ್ನಣೆ ಕೊಟ್ಟಿರುವ ಪದ್ಧತಿಗಳಲ್ಲಿ ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪತಿ ಮೊದಲಾದವು ಇವೆ, ಇದು ಇಲ್ಲ.

‘ಹಾಗಾದರೆ ನಮ್ಮ ಪಕ್ಕದ ಮನೆಯ ಹುಡುಗಿಗೆ ಗುಣವಾಯಿತಲ್ಲ?’ ಈ ಮಾತಿಗೆ ಉತ್ತರ ಹೇಳುವುದು ಅವಶ್ಯ, ಏಕೆಂದರೆ ಎಲ್ಲರೂ ಮೋಸ ಹೋಗುವುದು ಇಲ್ಲಿಯೇ. ಹಾಸಿಗೆ ಒದ್ದೆಮಾಡುವ ನೂರು ಮಕ್ಕಳನ್ನು ಏನೂ ಮಾಡದೆ ಸುಮ್ಮನೆ ಬಿಟ್ಟರೂ, ವರ್ಷ ಕಳೆಯುವಷ್ಟರಲ್ಲಿ ಸುಮಾರು 15 ಮಕ್ಕಳಿಗೆ ತಾನಾಗಿಯೇ ನಿಂತುಹೋಗುತ್ತದೆ. ಆ ವರ್ಷ ಒಬ್ಬರು ಬೆನ್ನು ಒತ್ತಿಸಿರುತ್ತಾರೆ, ಒಬ್ಬರು ತಾಯತ ಕಟ್ಟಿಸಿರುತ್ತಾರೆ, ಒಬ್ಬ ಅಜ್ಜಿ ಎಳ್ಳುಂಡೆ ತಿನ್ನಿಸಿರುತ್ತಾಳೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಗುಣವಾದವರು ನಾಲ್ಕು ಮನೆಗೆ ಹೇಳುತ್ತಾರೆ. ಗುಣವಾಗದವರು ದುಡ್ಡು ಹೋಯಿತೆಂಬ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಎಳ್ಳುಂಡೆಗೂ ಬೆನ್ನು ಒತ್ತುವುದಕ್ಕೂ ಇರುವ ಭೇದವೆಂದರೆ, ಎಳ್ಳುಂಡೆ ತಿನ್ನುವುದಕ್ಕೆ ರುಚಿ, ಖರ್ಚೂ ಕಡಿಮೆ.

ನಮಗೆ ಪರಿಚಯದ ಮನೆಯೊಂದರಲ್ಲಿ ಹದಿಮೂರು ವರ್ಷದ ಹುಡುಗನಿದ್ದಾನೆ. ಶಾಲೆಯವರು ದಿಘಾ ಸಮುದ್ರತೀರಕ್ಕೆ ಪ್ರವಾಸ ಹೊರಟಾಗ ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಉಳಿದ. ಒಂದೇ ಕೋಣೆಯ ಮನೆ. ತಮ್ಮ ತಂಗಿಯರೊಡನೆ ಒಂದೇ ಹಾಸಿಗೆ. ಆಷಾಢ ಶ್ರಾವಣಗಳ ಮಳೆಯಲ್ಲಿ ಇಲ್ಲಿ ಹಾಸಿಗೆ ಒಣಗಿಸುವುದೆಂದರೇನು ಎಂಬುದು ತಾಯಂದಿರಿಗೆ ಗೊತ್ತು. ಚಳಿಗಾಲದ ಲೇಪು ಒಂದು ಸಲ ನೆನೆದರೆ ಮಹಡಿಯ ಮೇಲೆ ಎರಡು ದಿನದ ಬಿಸಿಲು ಬೇಕು, ಅದನ್ನು ಹೊತ್ತು ಮೆಟ್ಟಿಲು ಹತ್ತುವಾಗ ನೆರೆಯವರ ಕಣ್ಣು. ಆ ತಂದೆತಾಯಿ ಬೆನ್ನು ಒತ್ತುವವರೊಬ್ಬರ ಬಳಿಗೆ ಹೋದರು. ಇಪ್ಪತ್ತನಾಲ್ಕು ಸಲ ಬರಬೇಕು, ಹಣ ಮುಂಗಡ ಎಂದರು. ಓವರ್‌ಟೈಮಿನ ದುಡ್ಡು ಅಲ್ಲಿ ಹೋಯಿತು. ಕೆಲವು ವಾರ ಕಡಿಮೆಯಾದಂತೆ ತೋರಿ, ಪರೀಕ್ಷೆಯ ಕಾಲಕ್ಕೆ ಮತ್ತೆ ಮೊದಲಿನಂತೆಯೇ ಆಯಿತು. ಕೊನೆಗೆ ಸರ್ಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ ಬೆನ್ನಿನದಲ್ಲ. ‘ಇವನು ಮಲವಿಸರ್ಜನೆಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತಾನೆ?’ ಎಂದು ಕೇಳಿದರು. ಮೂರು ದಿನಕ್ಕೊಮ್ಮೆ! ಮನೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಮಲಾಶಯವೂ ಮೂತ್ರಕೋಶವೂ ಅಂಟಿಕೊಂಡಿರುವ ನೆರೆಮನೆಗಳು. ಒಂದು ಉಬ್ಬಿದರೆ ಇನ್ನೊಂದಕ್ಕೆ ಜಾಗವಿಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಶಾನ್ ಓ’ರೀಗನ್ ಎಂಬ ವೈದ್ಯರು 1980ರ ದಶಕದಲ್ಲಿ ಈ ಸಂಬಂಧವನ್ನು ಎತ್ತಿ ತೋರಿಸಿದರು. 1997ರಲ್ಲಿ ಐಯೋವಾ ವಿಶ್ವವಿದ್ಯಾಲಯದ ವೈದ್ಯೆಯೊಬ್ಬರು ಮಲಬದ್ಧತೆಯ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ವರದಿ ಬರೆದರು. ಮಲಬದ್ಧತೆ ನೀಗಿದವರಲ್ಲಿ, ರಾತ್ರಿ ಒದ್ದೆಮಾಡುತ್ತಿದ್ದ ನೂರಕ್ಕೆ 63 ಮಕ್ಕಳಿಗೆ ಅದೂ ನಿಂತಿತ್ತು. ಬೆನ್ನುಮೂಳೆಯ ಸಿದ್ಧಾಂತ ಹುಟ್ಟಿದ ಅದೇ ಐಯೋವಾದಿಂದ ಈ ವರದಿಯೂ ಬಂದಿರುವುದು ಒಂದು ತಮಾಷೆ. ಆ ಹುಡುಗ ಈಗ ಬಹುಮಟ್ಟಿಗೆ ಒಣಹಾಸಿಗೆಯಲ್ಲಿ ಏಳುತ್ತಾನೆ. ಅವನೊಬ್ಬನ ಕಥೆಯಿಂದ ಯಾವುದೂ ಸಿದ್ಧವಾಗುವುದಿಲ್ಲ, ಕಾಗೆ ಕೊಂಬೆಯ ಮಾತು ಅಲ್ಲಿಯೂ ಸಲ್ಲುತ್ತದೆ. ಕೇಳಬೇಕಾಗಿದ್ದ ಪ್ರಶ್ನೆಯನ್ನು ಅಷ್ಟು ತಿಂಗಳು ಯಾರೂ ಕೇಳಲಿಲ್ಲವಲ್ಲ ಎಂಬುದಕ್ಕಾಗಿ ಅದನ್ನು ಹೇಳಿದೆವು.

ಶಾಲೆಗಳ ವಿಷಯವನ್ನೂ ಇಲ್ಲಿ ಹೇಳಲೇಬೇಕು. ನಮ್ಮ ಮಕ್ಕಳು ಎಷ್ಟೋ ಮಂದಿ ಶಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಾಯಖಾನೆಗೆ ಹೋಗುವುದಿಲ್ಲ. ಅದು ಅಷ್ಟು ಹೊಲಸು, ಅಗುಳಿ ಬೇರೆ ಇಲ್ಲ. ಹೋಗಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಮನೆಗೆ ಬಂದ ಮೇಲೆ ಬಾಯಾರಿ ಚೊಂಬುಗಟ್ಟಲೆ ಕುಡಿಯುತ್ತಾರೆ. ಆ ನೀರೆಲ್ಲ ರಾತ್ರಿ ಇಳಿಯುತ್ತದೆ. ಆದುದರಿಂದ ಹಗಲು ಚೆನ್ನಾಗಿ ನೀರು ಕುಡಿಸಿ, ಸಂಜೆಯ ಮೇಲೆ ಕಡಿಮೆ ಮಾಡಿ, ಮಲಗುವ ಮುನ್ನ ಮೂತ್ರಕ್ಕೆ ಕಳುಹಿಸಿ. ಸಂಜೆ ಚಹಾ ಬೇಡ. ಈ ಊರಿನಲ್ಲಿ ಮಕ್ಕಳಿಗೂ ಭಾಂಡದಲ್ಲಿ ಚಹಾ ಕೊಡುವ ವಾಡಿಕೆ ನಮ್ಮವರಿಗೂ ಅಂಟಿದೆ. ಶಾಲೆಯ ಪಾಯಖಾನೆಗೆ ಅಗುಳಿ ಹಾಕಿಸಿರೆಂದು ತಂದೆತಾಯಿಯರ ಸಭೆಯಲ್ಲಿ ನಾಲ್ಕು ಜನ ಒಟ್ಟಾಗಿ ಕೇಳಿದರೆ ಅದೂ ಒಂದು ಚಿಕಿತ್ಸೆಯೇ.

ಇಷ್ಟರಿಂದ ನಿಲ್ಲದಿದ್ದರೆ ಪರೀಕ್ಷೆಗೆ ನಿಂತ ಉಪಾಯಗಳು ಎರಡಿವೆ. ಒಂದು ಗಂಟೆ. 1904ರಲ್ಲಿ ಆಸ್ಟ್ರಿಯಾದ ಮಕ್ಕಳ ವೈದ್ಯ ಫೌಂಡ್ಲರ್ ಎಂಬವರು, ಆಸ್ಪತ್ರೆಯ ಮಕ್ಕಳ ಹಾಸಿಗೆ ಒದ್ದೆಯಾದೊಡನೆ ದಾದಿಗೆ ತಿಳಿಯಲೆಂದು ಒಂದು ವಿದ್ಯುತ್ ಗಂಟೆ ಏರ್ಪಡಿಸಿದರು. ದಾದಿಯ ಅನುಕೂಲಕ್ಕೆ ಮಾಡಿದ್ದು. ಆದರೆ ದಿನ ಕಳೆದಂತೆ ಮಕ್ಕಳೇ ಒದ್ದೆ ಮಾಡುವುದನ್ನು ಬಿಟ್ಟರು! 1938ರಲ್ಲಿ ಅಮೆರಿಕದ ಮೌರರ್ ದಂಪತಿಗಳು ಇದನ್ನೇ ಚಿಕಿತ್ಸೆಯಾಗಿ ಬಳಸಿ ಬರೆದರು. ನಮ್ಮಲ್ಲಿರುವ ಎಲೆಕ್ಟ್ರಿಷಿಯನ್ನರಿಗೆ ವಿವರಿಸಬೇಕಾದುದೇ ಇಲ್ಲ. ಎರಡು ತಂತಿಬಲೆ, ನಡುವೆ ಬಟ್ಟೆ, ಬಟ್ಟೆ ನೆನೆದರೆ ಸರ್ಕಿಟ್ ಕೂಡಿ ಗಂಟೆ ಬಾರಿಸುತ್ತದೆ. ಹಾಗೆಂದು ಮನೆಯಲ್ಲೇ ಮಾಡಹೋಗಬೇಡಿ, ಮಗುವಿನ ಚರ್ಮ ಸುಟ್ಟೀತು. ಈಗ ಒಳಉಡುಪಿಗೆ ಸಿಕ್ಕಿಸುವ ಸಣ್ಣ ಯಂತ್ರಗಳೇ ಸಿಗುತ್ತವೆ. ಮೂರು ಮಕ್ಕಳಲ್ಲಿ ಇಬ್ಬರಿಗೆ ಇದನ್ನು ಬಳಸುವ ಕಾಲದಲ್ಲಿ ಹಾಸಿಗೆ ಒಣಗುತ್ತದೆ. ನಿಲ್ಲಿಸಿದ ಮೇಲೂ ಸುಮಾರು ಅರ್ಧದಷ್ಟು ಮಕ್ಕಳಿಗೆ ಗುಣ ಉಳಿಯುತ್ತದೆ. ಕಷ್ಟವೆಂದರೆ ಎರಡು ಮೂರು ತಿಂಗಳು ಬಿಡದೆ ನಡೆಸಬೇಕು. ಮೊದಮೊದಲು ಮಗುವೊಂದನ್ನು ಬಿಟ್ಟು ಮನೆಯವರೆಲ್ಲ ಏಳುತ್ತಾರೆ. ತಂದೆಯೋ ತಾಯಿಯೋ ಎದ್ದು ಮಗುವನ್ನು ಪೂರ್ತಿ ಎಚ್ಚರಗೊಳಿಸಿ ಕರೆದುಕೊಂಡು ಹೋಗಬೇಕು. ರಾತ್ರಿ ಪಾಳಿಯ ಮನೆಗಳಲ್ಲಿ ಇದು ಸುಲಭವಲ್ಲವೆಂಬುದನ್ನು ಬಲ್ಲೆವು.

ಇನ್ನೊಂದು ಡೆಸ್ಮೋಪ್ರೆಸಿನ್ ಎಂಬ ಮಾತ್ರೆ, ನಾವು ಮೊದಲು ಹೇಳಿದ ಹಾರ್ಮೋನಿನ ಕೆಲಸ ಮಾಡುವಂಥದು. ತೆಗೆದುಕೊಂಡ ರಾತ್ರಿ ಗುಣ ಕೊಡುತ್ತದೆ, ಬಿಟ್ಟರೆ ಅನೇಕರಿಗೆ ಮರಳುತ್ತದೆ. ಪ್ರವಾಸಕ್ಕೆ, ಮದುವೆ ಮನೆಗೆ ಹೋಗುವಾಗ ಹುಡುಗರಿಗೆ ದೊಡ್ಡ ಧೈರ್ಯ. ಆದರೆ ಮಾತ್ರೆ ನುಂಗಿದ ರಾತ್ರಿ ಹೆಚ್ಚು ನೀರು ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಪ್ರಾಣಾಪಾಯವಾಗಬಹುದು. 2007ರಲ್ಲಿ ಅಮೆರಿಕದ ಔಷಧ ಇಲಾಖೆ ಇದರ ಮೂಗಿನ ಸ್ಪ್ರೇಯನ್ನು ಹಾಸಿಗೆ ಒದ್ದೆಯ ಮಕ್ಕಳಿಗೆ ಕೊಡಕೂಡದೆಂದುದು ಇದಕ್ಕಾಗಿಯೇ. ವೈದ್ಯರು ಬರೆದುಕೊಡದೆ ಅಂಗಡಿಯಿಂದ ತರತಕ್ಕ ಮಾತ್ರೆಯಲ್ಲ.

ಹೊಡೆಯುವುದನ್ನು ಕುರಿತು ಒಂದು ಮಾತು. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಹುಟ್ಟಿದ್ದು 1903ರಲ್ಲಿ, ಅಂದಿನ ಬಂಗಾಳ ಪ್ರಾಂತ್ಯಕ್ಕೆ ಸೇರಿದ್ದ ಮೋತೀಹಾರಿಯಲ್ಲಿ. ಎಂಟು ವರ್ಷದವನಾಗಿ ಇಂಗ್ಲೆಂಡಿನ ಶಾಲೆಯ ವಸತಿಯಲ್ಲಿದ್ದಾಗ ಹಾಸಿಗೆ ಒದ್ದೆ ಮಾಡಿದನೆಂದು ಕುದುರೆ ಚಾವಟಿಯಿಂದ ಹೊಡೆಸಿಕೊಂಡ. ಆತ ತೀರಿಕೊಂಡ ಮೇಲೆ, 1952ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಅದನ್ನು ವಿವರವಾಗಿ ಬರೆದಿದ್ದಾನೆ. ಎರಡನೆಯ ಹೊಡೆತದ ಮೇಲೆ ನಿಂತುಹೋಯಿತೆಂದೂ ಬರೆದಿದ್ದಾನೆ. ‘ನೋಡಿ, ಪೆಟ್ಟಿಗೆ ನಿಂತಿತು’ ಎನ್ನುವವರು, ಮೂವತ್ತು ವರ್ಷ ಕಳೆದರೂ ಆ ಮನುಷ್ಯನಿಗೆ ಚಾವಟಿಯ ಹಿಡಿ ಹೇಗಿತ್ತೆಂಬುದು ಮರೆತಿರಲಿಲ್ಲವೆಂಬುದನ್ನೂ ಓದಬೇಕು.

ಇಷ್ಟು ಹೊತ್ತು ಹೇಳಿದ ನಿಧಾನದ ಮಾತುಗಳು ಸಲ್ಲದ ಸಂದರ್ಭಗಳಿವೆ. ಅವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡತೊಡಗಿ, ಅದರೊಡನೆ ಬಾಯಾರಿಕೆ ಹೆಚ್ಚಿ, ಮೈ ಇಳಿಯುತ್ತಿದ್ದರೆ ಅದು ಸಕ್ಕರೆ ಕಾಯಿಲೆಯಾಗಿರಬಹುದು. ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು, ನಾಳೆ ಎನ್ನಬಾರದು. ಮೂತ್ರ ಮಾಡುವಾಗ ಉರಿ, ಜ್ವರ, ಹಗಲಿನಲ್ಲೂ ಬಟ್ಟೆ ಒದ್ದೆಯಾಗುವುದು, ಕಾಲು ಸೋಲುವುದು, ಸೊಂಟದ ಕೆಳಗೆ ಬೆನ್ನಿನ ಮೇಲೆ ಕೂದಲಿನ ಕುಚ್ಚು ಅಥವಾ ಗುಳಿ ಕಾಣುವುದು, ಇವಕ್ಕೂ ವೈದ್ಯರೇ ಬೇಕು. ಇವುಗಳಲ್ಲಿ ಕೊನೆಯದರಲ್ಲಿ ನಿಜವಾಗಿಯೇ ಬೆನ್ನುಹುರಿಯ ದೋಷವಿರಬಹುದು. ಅಂಥ ಬೆನ್ನನ್ನು ಒತ್ತಿಸುವುದೇ ಅಪಾಯ. ರಾತ್ರಿ ಗಟ್ಟಿಯಾಗಿ ಗೊರಕೆ ಹೊಡೆಯುವ ಮಗುವಿನ ಗಂಟಲು ಮೂಗನ್ನೂ ತೋರಿಸಬೇಕು. ಬೆಳೆದ ಹುಡುಗನೋ ಹುಡುಗಿಯೋ ಹೊಸದಾಗಿ ಹೀಗಾದರೆ, ಮನಸ್ಸಿಗೆ ಏನಾದರೂ ದೊಡ್ಡ ಪೆಟ್ಟು ಬಿದ್ದಿದೆಯೆ, ಯಾರಾದರೂ ಹಿಂಸಿಸುತ್ತಿದ್ದಾರೆಯೆ ಎಂಬುದನ್ನು ತಾಯಿ ಮೆಲ್ಲಗೆ ವಿಚಾರಿಸಲಿ.

ಎಲ್ಲಿಗೆ ಹೋಗಬೇಕೆಂದರೆ, ಹತ್ತಿರದವರಿಗೆ ಬಾಘಾಜತೀನ್ ಸರ್ಕಾರಿ ಆಸ್ಪತ್ರೆ ಇದೆ. 8ಬಿ ಬಸ್ ನಿಲ್ದಾಣದ ಕಡೆಯವರಿಗೆ ಅದೇ ಅನುಕೂಲ. ಮಕ್ಕಳಿಗೆಂದೇ ಇರುವವುಗಳಲ್ಲಿ ಫೂಲ್‌ಬಾಗಾನಿನ ಬಿ. ಸಿ. ರಾಯ್ ಆಸ್ಪತ್ರೆಯೂ, ಪಾರ್ಕ್ ಸರ್ಕಸ್ಸಿನ ಇನ್‌ಸ್ಟಿಟ್ಯೂಟ್ ಆಫ್ ಚೈಲ್ಡ್ ಹೆಲ್ತ್ ಕೂಡ ಇವೆ. ಹೋಗುವ ಮುನ್ನ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ರಾತ್ರಿ ಒದ್ದೆ, ಯಾವ ರಾತ್ರಿ ಒಣ, ಹಗಲು ಎಷ್ಟು ಸಲ ಮೂತ್ರ, ಎಷ್ಟು ದಿನಕ್ಕೊಮ್ಮೆ ಮಲ, ಯಾವ ಹೊತ್ತಿಗೆ ಎಷ್ಟು ನೀರು. ವೈದ್ಯರಿಗೆ ಇದೇ ಅರ್ಧ ಪರೀಕ್ಷೆ. ಬಂಗಾಳಿ ಬಾರದ ತಾಯಂದಿರು ‘ರಾತ್ರೇ ಬಿಛಾನಾಯ್ ಪೆಚ್ಛಾಪ್ ಕೊರೆ’ ಎಂದರೆ ಸಾಕು, ಅವರಿಗೆ ತಿಳಿಯುತ್ತದೆ. ಆದರೆ ಹತ್ತು ಜನರ ಸಾಲಿನಲ್ಲಿ ಮಗುವಿನ ಎದುರಿಗೇ ಗಟ್ಟಿಯಾಗಿ ಹೇಳಬೇಡಿ, ಚೀಟಿಯಲ್ಲಿ ಬರೆದು ಕೊಡಿ. ಭಾಷೆಯ ತೊಡಕಿರುವವರ ಜೊತೆಗೆ ಬರಲು ನಮ್ಮ ಸಮಿತಿಯ ಇಬ್ಬರು ಒಪ್ಪಿದ್ದಾರೆ. ಹೊರರೋಗಿಗಳ ಚೀಟಿಗೆ ಬೆಳಿಗ್ಗೆಯೇ ಸಾಲು ನಿಲ್ಲಬೇಕಾದುದರಿಂದ, ಹಿಂದಿನ ದಿನ ಸಂಜೆಯೊಳಗೆ ತಿಳಿಸಿದರೆ ಅನುಕೂಲವಾಗುತ್ತದೆ. ಮಗುವಿನ ಹೆಸರನ್ನು ಯಾರೂ ಕೇಳುವುದಿಲ್ಲ.